ಕರಗು, ಆರು, ಹೆಪ್ಪುಗಟ್ಟು: ಮೊದಲ ವಿಜ್ಞಾನಪಾಠದ ಕನ್ನಡ ಕ್ರಿಯಾಪದಗಳು

ಕನ್ನಡದ ವಿಜ್ಞಾನಸಾಹಿತ್ಯವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಜೊತೆಗಾರರೂ 1918ರ ಸುಮಾರಿಗೆ ನಡೆಸಿದ ‘ವಿಜ್ಞಾನ’ ಪತ್ರಿಕೆಯಿಂದ ಹೊರಟು, ಶಿವರಾಮ ಕಾರಂತರ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಹಾದು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನ ಹತ್ತಿರ ಬಂದು ನಿಲ್ಲುತ್ತವೆ. ಆ ಕೃತಿಗಳ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಬಹುಪಾಲು ಕನ್ನಡ ಮಕ್ಕಳ ಪಾಲಿಗೆ ವಿಜ್ಞಾನದ ಗದ್ಯವೆಂದರೆ ಮೂರನೆಯ ಅಥವಾ ನಾಲ್ಕನೆಯ ತರಗತಿಯ ಪಠ್ಯಪುಸ್ತಕದಲ್ಲಿ ನೀರನ್ನು ಕುರಿತು ಬರುವ ಎರಡು ಪುಟಗಳ ಪಾಠ. ಸಾಹಿತ್ಯಚರಿತ್ರೆಕಾರರು ಆ ಪುಟಗಳನ್ನು ಓದಿದಂತೆ ಕಾಣುವುದಿಲ್ಲ. ಶಿಕ್ಷಣತಜ್ಞರು ಓದಿದ್ದರೂ ಭಾಷೆಯ ದೃಷ್ಟಿಯಿಂದ ಓದಿದವರು ಕಡಿಮೆ. ನೀರು ಮಂಜುಗಡ್ಡೆಯಾಗುವುದು, ಆವಿಯಾಗುವುದು, ಉಪ್ಪು ನೀರಿನಲ್ಲಿ ಕಾಣದಾಗುವುದು ಎಂಬ ಮೂರು ಸಂಗತಿಗಳನ್ನು ಹೇಳಲು ಕನ್ನಡದಲ್ಲಿರುವ ಕ್ರಿಯಾಪದಗಳು ಯಾವುವು, ಅವು ಪಾಠಕ್ಕೆ ಎಲ್ಲಿ ಒದಗುತ್ತವೆ, ಎಲ್ಲಿ ತೊಡಕಾಗುತ್ತವೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಇದನ್ನು ಕನ್ನಡದೊಳಗೇ ನಿಂತು ನೋಡುವುದಕ್ಕಿಂತ ಮರಾಠಿಯ ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಅದಕ್ಕೆ ಚಾರಿತ್ರಿಕ ಕಾರಣವೂ ಉಂಟು. 1956ರ ರಾಜ್ಯ ಪುನರ್ವಿಂಗಡಣೆ ಮತ್ತು 1960ರ ಮಹಾರಾಷ್ಟ್ರ ರಾಜ್ಯ ಸ್ಥಾಪನೆಯ ನಂತರ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೊದಲಾದ ಕಡೆಯ ಕನ್ನಡ ಶಾಲೆಗಳು ಮಹಾರಾಷ್ಟ್ರದ ಪಠ್ಯಕ್ರಮದ ವ್ಯಾಪ್ತಿಗೆ ಬಂದವು. 1967ರ ಜನವರಿಯಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ‘ಬಾಲಭಾರತಿ’, ಎಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಮರಾಠಿಯ ಜೊತೆಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ‘ಪರಿಸರ ಅಭ್ಯಾಸ’ ಎಂಬ ವಿಷಯವನ್ನು ಮರಾಠಿ ಮಗುವೂ ಕನ್ನಡ ಮಗುವೂ ಒಂದೇ ಪಠ್ಯಕ್ರಮದ ಪ್ರಕಾರ ಕಲಿಯುತ್ತವೆ. ಹಾಗಾಗಿ ಮರಾಠಿಯಲ್ಲಿ ಯೋಚಿಸಿದ ವಾಕ್ಯ ಕನ್ನಡದ ಕ್ರಿಯಾಪದವನ್ನು ಹುಡುಕಿಕೊಂಡು ಬರಬೇಕಾದ ಪ್ರಸಂಗ ಇಲ್ಲಿ ದಿನನಿತ್ಯದ್ದು.

ಗಡಿಯಿಂದ ದೂರದಲ್ಲಿ ಇನ್ನೊಂದು ಬಗೆಯ ಪರಿಸ್ಥಿತಿ ಇದೆ. ನಾಸಿಕ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಓಝರ್‌ನಲ್ಲಿ 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಮಿಗ್ ವಿಮಾನಗಳ ಕಾರ್ಖಾನೆ ಆರಂಭವಾಯಿತು. ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಇಂಥ ಉದ್ಯಮನಗರದಲ್ಲಿ ನೆಲೆಸುವ ಕನ್ನಡ ಮನೆಯ ಮಗು ಶಾಲೆಯಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ವಿಜ್ಞಾನ ಕಲಿಯುತ್ತದೆ. ಅದರ ಕನ್ನಡ ಅಡುಗೆಮನೆಯಲ್ಲಿ, ಅಜ್ಜಿಯ ಮಾತಿನಲ್ಲಿ, ರಜೆಯಲ್ಲಿ ಊರಿಗೆ ಹೋದಾಗ ಇರುವ ಕನ್ನಡ. ‘ಆವೀಕರಣ’, ‘ದ್ರವೀಕರಣ’ ಎಂಬ ಶಬ್ದಗಳು ಆ ಮಗುವನ್ನು ಮುಟ್ಟುವ ಸಂಭವವೇ ಕಡಿಮೆ. ‘ಕರಗು’, ‘ಆರು’, ‘ಬತ್ತು’, ‘ಹೆಪ್ಪುಗಟ್ಟು’ ಎಂಬಿವು ಮಾತ್ರ ಅದರ ಕೈಯಲ್ಲಿರುವ ಕನ್ನಡದ ವಿಜ್ಞಾನಶಬ್ದಗಳು. ಸೊಲ್ಲಾಪುರದ ಕನ್ನಡ ಶಾಲೆಯ ಮಗುವಿಗೂ ಮೊದಲು ಇರುವುದು ಇವೇ. ಪಾರಿಭಾಷಿಕ ಪದಗಳು ಆಮೇಲೆ ಬರುತ್ತವೆ.

ಮೊದಲು ‘ಕರಗು’ ಧಾತುವನ್ನು ಗಮನಿಸಬಹುದು. ಬೆಣ್ಣೆ ಕರಗುತ್ತದೆ, ಮೇಣ ಕರಗುತ್ತದೆ, ಉಪ್ಪು ಕರಗುತ್ತದೆ, ಬೆಲ್ಲವೂ ಕರಗುತ್ತದೆ. ವಿಜ್ಞಾನದ ದೃಷ್ಟಿಯಲ್ಲಿ ಇವು ಎರಡು ಬೇರೆ ಬೇರೆ ಕ್ರಿಯೆಗಳು. ಬೆಣ್ಣೆ ಕರಗುವಾಗ ಇರುವುದು ಒಂದು ಪದಾರ್ಥ ಮತ್ತು ಶಾಖ. ಉಪ್ಪು ಕರಗುವಾಗ ಇರುವುದು ಎರಡು ಪದಾರ್ಥಗಳು, ಶಾಖ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮರಾಠಿ ಇವೆರಡನ್ನು ಮಾತಿನಲ್ಲೇ ಬೇರ್ಪಡಿಸಿದೆ. ಬೆಣ್ಣೆಗೆ ‘ವಿತಳಣೇ’, ಉಪ್ಪಿಗೆ ‘ವಿರಘಳಣೇ’. ಮೂಲದಲ್ಲಿ ಈ ಎರಡು ಕ್ರಿಯಾಪದಗಳನ್ನು ಎದುರುಬದುರು ನಿಲ್ಲಿಸಿ ಬರೆದ ಪಾಠ ಕನ್ನಡಕ್ಕೆ ಬಂದಾಗ ಎರಡಕ್ಕೂ ‘ಕರಗು’ ಎಂದರೆ ಪಾಠದ ತಿರುಳೇ ಕರಗಿಹೋಗುತ್ತದೆ. ಅನುವಾದಕನು ಆಗ ಸಂಸ್ಕೃತದ ಕಡೆಗೆ ತಿರುಗಿ ಒಂದಕ್ಕೆ ‘ದ್ರವೀಕರಣ’ ಎಂತಲೂ ಇನ್ನೊಂದಕ್ಕೆ ‘ವಿಲೀನವಾಗು’ ಎಂತಲೂ ಬರೆಯುತ್ತಾನೆ. ಮುಂದಿನ ತರಗತಿಗಳಲ್ಲಿ ‘ದ್ರಾವಣ’, ‘ದ್ರಾವಕ’, ‘ದ್ರಾವ್ಯ’ಗಳು ಬಂದು ಸೇರುತ್ತವೆ. ದ್ರವವೂ ದ್ರಾವಣವೂ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ಹೀಗೆ ಕನ್ನಡದ ‘ಕರಗು’ವಿನಲ್ಲಿದ್ದ ತೊಡಕನ್ನು ಬಿಡಿಸಲೆಂದು ತಂದ ಪರಿಭಾಷೆ ಅದೇ ತೊಡಕನ್ನು ಇನ್ನಷ್ಟು ಕಠಿಣವಾದ ವೇಷದಲ್ಲಿ ಮಗುವಿನ ಮುಂದಿಡುತ್ತದೆ.

ಹಾಗಾದರೆ ಕನ್ನಡಕ್ಕೆ ಈ ಭೇದವೇ ತಿಳಿಯದೆ? ಧಾತುವನ್ನು ಮಾತ್ರ ನೋಡಿದರೆ ಹಾಗೆ ತೋರುತ್ತದೆ. ಇಡೀ ವಾಕ್ಯವನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಬೆಣ್ಣೆ ‘ಬಿಸಿಗೆ’ ಕರಗುತ್ತದೆ, ಮೇಣ ‘ಬಿಸಿಲಿಗೆ’ ಕರಗುತ್ತದೆ. ಉಪ್ಪು ‘ನೀರಿನಲ್ಲಿ’ ಕರಗುತ್ತದೆ, ಸಕ್ಕರೆ ‘ಹಾಲಿನಲ್ಲಿ’ ಕರಗುತ್ತದೆ. ಮರಾಠಿ ಧಾತುವಿನಲ್ಲಿ ಮಾಡುವ ವಿಂಗಡಣೆಯನ್ನು ಕನ್ನಡವು ವಿಭಕ್ತಿಯಲ್ಲಿ ಮಾಡುತ್ತದೆ. ಚತುರ್ಥಿ ಬಂದಲ್ಲಿ ಕಾರಣ ಹೊರಗಿನ ಶಾಖ. ಸಪ್ತಮಿ ಬಂದಲ್ಲಿ ಇನ್ನೊಂದು ಪದಾರ್ಥದ ಸಹವಾಸ. ಐದು ವರ್ಷದ ಮಗು ಈ ಪ್ರತ್ಯಯಗಳನ್ನು ತಪ್ಪಿಲ್ಲದೆ ಬಳಸುತ್ತದೆ. ಬೆಣ್ಣೆ ಬಿಸಿಯಲ್ಲಿ ಬೆರೆತುಹೋಯಿತೆಂದು ಭಾವಿಸುವುದಿಲ್ಲ. ವಿಜ್ಞಾನಪಾಠಕ್ಕೆ ಬೇಕಾದ ಭೇದ ಅದರ ನಾಲಗೆಯ ಮೇಲೆ ಆಗಲೇ ಇದೆ. ‘ದ್ರವೀಕರಣ’, ‘ವಿಲೀನ’ ಎಂಬ ನಾಮಪದಗಳು ಕಳೆಯುವುದು ಇದನ್ನೇ. ಕ್ರಿಯೆಯನ್ನು ನಾಮವಾಗಿಸಿದೊಡನೆ ಯಾವುದಕ್ಕೆ, ಯಾವುದರಲ್ಲಿ ಎಂಬ ಪ್ರಶ್ನೆಗಳು ವಾಕ್ಯದಿಂದ ಜಾರಿಹೋಗುತ್ತವೆ. ಉಳಿಯುವುದು ಬಾಯಿಪಾಠಕ್ಕೆ ಒಗ್ಗುವ ಹೆಸರು ಮಾತ್ರ.

ಈ ವಿಭಕ್ತಿಸೂತ್ರ ಎಲ್ಲ ಕಡೆಗೂ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ‘ಮಳೆಗೆ ಮಣ್ಣಿನ ಗೋಡೆ ಕರಗಿತು’ ಎಂಬ ಮಾತಿನಲ್ಲಿ ಚತುರ್ಥಿ ಇದೆ, ಶಾಖವಿಲ್ಲ. ಅಲ್ಲಿ ಮಣ್ಣು ದ್ರವವೂ ಆಗಿಲ್ಲ, ಉಪ್ಪಿನಂತೆ ನೀರಿನಲ್ಲಿ ಒಂದಾಗಿಯೂ ಇಲ್ಲ. ಕಣಗಳು ಸಡಿಲವಾಗಿ ನೀರಿನೊಡನೆ ಹರಿದುಹೋಗಿವೆ, ಲೋಟದಲ್ಲಿ ಹಿಡಿದಿಟ್ಟರೆ ತಳಕ್ಕೆ ಇಳಿಯುತ್ತವೆ. ಆದರೆ ತರಗತಿಯಲ್ಲಿ ಇಂಥ ಅಪವಾದವೇ ಹೆಚ್ಚು ಉಪಯುಕ್ತ. ಬೆಣ್ಣೆ, ಉಪ್ಪು, ಗೋಡೆಯ ಮಣ್ಣು ಮೂರೂ ‘ಕರಗಿದ’ ಮೇಲೆ ಅವನ್ನು ಮರಳಿ ಪಡೆಯುವ ದಾರಿ ಯಾವುದು ಎಂದು ಕೇಳಿದರೆ ಸಾಕು. ಬೆಣ್ಣೆಯನ್ನು ತಣಿಸಬೇಕು, ಉಪ್ಪಿಗಾಗಿ ನೀರನ್ನು ಆವಿಮಾಡಬೇಕು, ಮಣ್ಣಿಗಾಗಿ ಸುಮ್ಮನೆ ಕಾಯಬೇಕು. ಒಂದು ಕ್ರಿಯಾಪದ, ಮೂರು ಪ್ರಯೋಗಗಳು. ಒಂದು ಪಾರಿಭಾಷಿಕ ಪದವೂ ಬೇಕಾಗಲಿಲ್ಲ.

ಉಪ್ಪು, ಸಕ್ಕರೆಗಳು ಕರಗುವುದು ಚಿಕ್ಕ ಮಕ್ಕಳಿಗೆ ಏಕೆ ಕಠಿಣ ಎಂಬುದನ್ನು ಸ್ವಿಟ್ಸರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಅವರು 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ. ನೀರಿಗೆ ಹಾಕಿದ ಸಕ್ಕರೆ ಕಾಣದಾದಾಗ ಅದು ಇಲ್ಲವೇ ಆಯಿತೆಂದು ಸಣ್ಣ ವಯಸ್ಸಿನವರು ಹೇಳುತ್ತಾರೆ. ರುಚಿ ಮಾತ್ರ ಉಳಿದಿದೆ ಎಂಬುದು ಅವರ ವಾದ. ಕಾಣದಿದ್ದರೂ ಪದಾರ್ಥ ಉಳಿದಿದೆ, ಅದರ ತೂಕವೂ ಉಳಿದಿದೆ ಎಂಬ ತಿಳಿವಳಿಕೆ ಹಂತಹಂತವಾಗಿ ಬರುತ್ತದೆ. ಕನ್ನಡ ಮಗು ‘ಕರಗಿ ಹೋಯಿತು’ ಎನ್ನುವಾಗ ಅದರ ‘ಹೋಯಿತು’ ಕ್ರಿಯೆಯ ಮುಕ್ತಾಯವನ್ನು ಸೂಚಿಸುವ ಸಹಾಯಕ ಕ್ರಿಯಾಪದವೋ, ಸಕ್ಕರೆ ನಿಜವಾಗಿಯೇ ಎಲ್ಲಿಗೋ ಹೋಯಿತೆಂಬ ನಂಬಿಕೆಯೋ ಎಂಬುದನ್ನು ಶಿಕ್ಷಕರು ಕೇಳಿ ತಿಳಿಯಬೇಕಾಗುತ್ತದೆ. ಉತ್ತರಪತ್ರಿಕೆಯಲ್ಲಿ ‘ವಿಲೀನವಾಯಿತು’ ಎಂದು ಬರೆದ ಮಗುವಿಗೆ ಅಂಕ ಸಿಗುತ್ತದೆ. ಅದರ ಮನಸ್ಸಿನಲ್ಲಿ ಸಕ್ಕರೆ ಇದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ‘ನೀರೊಳಗ ಕರಗೇತಿ, ರುಚಿ ಅದ’ ಎಂದ ಮಗುವಿಗೆ ಪಾಠ ತಿಳಿದಿದೆ. ಗ್ರಾಂಥಿಕ ರೂಪ ತಿಳಿದಿಲ್ಲ, ಅಷ್ಟೆ. ಗಡಿನಾಡಿನ ಮಗುವಿಗೆ ತನ್ನ ಆಡುಮಾತು, ಪುಸ್ತಕದ ಕನ್ನಡ, ಸುತ್ತಲಿನ ಮರಾಠಿ ಮೂರೂ ಬೇರೆ ಬೇರೆಯಾಗಿರುವುದರಿಂದ ಈ ಅನ್ಯಾಯದ ಭಾರ ಅದರ ಮೇಲೆ ಹೆಚ್ಚು.

‘ಆರು’ ಎಂಬ ಧಾತು ಇನ್ನೂ ವಿಚಿತ್ರವಾದದ್ದು. ಒಗೆದ ಬಟ್ಟೆ ಆರುತ್ತದೆ, ಕಾಯಿಸಿದ ಹಾಲು ಆರುತ್ತದೆ, ಹಚ್ಚಿದ ದೀಪ ಆರುತ್ತದೆ. ಗಾಯವೂ ಆರುತ್ತದೆ, ಅದನ್ನು ಇಲ್ಲಿ ಬಿಟ್ಟುಬಿಡಬಹುದು. ಮರಾಠಿಯಲ್ಲಿ ಬಟ್ಟೆಗೆ ‘ವಾಳಣೇ’, ಹಾಲಿಗೆ ‘ನಿವಣೇ’, ದೀಪಕ್ಕೆ ‘ವಿಝಣೇ’. ವಿಜ್ಞಾನ ಹೇಳುವುದೂ ಮೂರು ಸಂಗತಿಗಳನ್ನೇ: ನೀರು ಆವಿಯಾಗುವುದು, ಶಾಖ ಹೊರಗೆ ಹೋಗುವುದು, ದಹನ ನಿಲ್ಲುವುದು. ಆದರೆ ಮೊದಲ ಎರಡಕ್ಕೆ ನಿಜವಾದ ಸಂಬಂಧವಿದೆ. ಬಿಸಿ ಹಾಲನ್ನು ಅಗಲವಾದ ತಟ್ಟೆಗೆ ಸುರಿದರೆ ಬೇಗ ಆರುವುದಕ್ಕೆ ಒಂದು ಕಾರಣ ಅದರ ಮೇಲ್ಮೈಯಿಂದ ನೀರಿನಂಶ ಆವಿಯಾಗುವುದು; ಆವಿಯಾಗುವ ನೀರು ಉಳಿದ ಹಾಲಿನಿಂದ ಶಾಖವನ್ನು ಹೀರಿಕೊಂಡೇ ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಹೀಗೆಯೇ. ಬಟ್ಟೆಯ ‘ಆರು’ವಿನಿಂದ ಹಾಲಿನ ‘ಆರು’ವಿಗೆ ಹೋಗುವ ದಾರಿ ಕನ್ನಡದ ಶಿಕ್ಷಕರಿಗೆ ಸಹಜವಾಗಿ ಒದಗುತ್ತದೆ. ಇಷ್ಟನ್ನು ಕಂಡು ನಮ್ಮ ಪೂರ್ವಿಕರಿಗೆ ಉಷ್ಣಶಾಸ್ತ್ರ ತಿಳಿದಿತ್ತೆಂದು ಹೊರಡುವ ಉತ್ಸಾಹಿಗಳೂ ಇರಬಹುದು. ದೀಪ ಆರುವುದನ್ನು ಅವರು ಇದೇ ಸೂತ್ರದಿಂದ ವಿವರಿಸಲಾರರು.

ನೀರು ಕಡಿಮೆಯಾಗುವುದನ್ನು ಹೇಳುವಾಗ ಮಾತ್ರ ಕನ್ನಡ ಬಹಳ ಸೂಕ್ಷ್ಮವಾಗಿದೆ. ಕೆರೆ ‘ಬತ್ತುತ್ತದೆ’, ಮಳೆನೀರು ನೆಲದಲ್ಲಿ ‘ಇಂಗುತ್ತದೆ’, ಬಟ್ಟೆ ‘ಒಣಗುತ್ತದೆ’, ಕುದಿಯುವ ನೀರು ‘ಆವಿಯಾಗುತ್ತದೆ’. ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ‘ಇಂಗು’ ನೆಲವೆಂದು ಉತ್ತರಿಸುತ್ತದೆ, ‘ಆವಿಯಾಗು’ ಗಾಳಿಯೆಂದು ಉತ್ತರಿಸುತ್ತದೆ, ‘ಬತ್ತು’ ಉತ್ತರಿಸದೆ ಸುಮ್ಮನಿರುತ್ತದೆ. ಜಲಚಕ್ರದ ಪಾಠವನ್ನು ಬಾಣದ ಗುರುತುಗಳ ಚಿತ್ರದಿಂದ ಆರಂಭಿಸುವುದು ರೂಢಿ. ‘ಕೆರೆ ಬತ್ತಿತು’ ಎಂಬ ಎರಡು ಪದಗಳ ವಾಕ್ಯದಿಂದ ಆರಂಭಿಸಿ, ಅದರೊಳಗೆ ಇಂಗಿದ ಪಾಲು ಎಷ್ಟು, ಆವಿಯಾದ ಪಾಲು ಎಷ್ಟು, ದನಕರು ಕುಡಿದು ಹೊಲಕ್ಕೆ ಹಾಯಿಸಿ ಮುಗಿದ ಪಾಲು ಎಷ್ಟು ಎಂದು ಕೇಳುತ್ತ ಹೋದರೆ ಚಿತ್ರವನ್ನು ಮಕ್ಕಳೇ ಬರೆಯಬಲ್ಲರು.

ಇನ್ನು ‘ಹೆಪ್ಪುಗಟ್ಟು’. ಪುಸ್ತಕಗಳಲ್ಲಿ ನೀರು ಶೂನ್ಯ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಮನೆಯಲ್ಲಿ ಹೆಪ್ಪುಗಟ್ಟುವುದು ಹಾಲು. ಹೆಪ್ಪು ಎಂದರೆ ಹಾಲಿಗೆ ಹಾಕುವ ಮೊಸರು ಅಥವಾ ಮಜ್ಜಿಗೆ. ಅದನ್ನು ಹಾಕದೆ ಹೆಪ್ಪುಗಟ್ಟುವುದೆಂತು ಎಂದು ಮಗು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಹಾಲಿನಲ್ಲಿ ಬ್ಯಾಕ್ಟೀರಿಯಗಳು ಆಮ್ಲವನ್ನು ಉಂಟುಮಾಡಿ ಪ್ರೋಟೀನು ಗಟ್ಟಿಯಾಗುತ್ತದೆ. ಮೊಸರನ್ನು ಬಿಸಿಮಾಡಿದರೆ ಹಾಲು ಮರಳಿ ಬರುವುದಿಲ್ಲ. ಮಂಜುಗಡ್ಡೆಯನ್ನು ಬಿಸಿಮಾಡಿದರೆ ನೀರು ಬರುತ್ತದೆ. ಹಿಂದಿರುಗುವ ಬದಲಾವಣೆ, ಹಿಂದಿರುಗದ ಬದಲಾವಣೆ ಎಂಬ ವಿಂಗಡಣೆಯನ್ನು ಮುಂದೆ ಕಲಿಸಬೇಕಾಗಿರುವಾಗ ಎರಡಕ್ಕೂ ಒಂದೇ ಮಾತನ್ನು ಬಳಸುವುದು ಕಷ್ಟವನ್ನು ತಂದುಕೊಂಡಂತೆ. ಮರಾಠಿಯಲ್ಲಿ ಹಾಲಿಗೆ ‘ವಿರಜಣೇ’, ನೀರಿಗೆ ‘ಗೋಠಣೇ’, ತುಪ್ಪಕ್ಕೆ ‘ಥಿಜಣೇ’.

ಕನ್ನಡದಲ್ಲೂ ತುಪ್ಪಕ್ಕೆ ಬೇರೆ ಮಾತಿತ್ತು. ವಚನಕಾರರು ಬಲ್ಲ ‘ಹೆರೆದುಪ್ಪ’, ‘ತಿಳಿದುಪ್ಪ’ಗಳ ಜೋಡಿಯನ್ನು ಕನ್ನಡ ವಿದ್ಯಾರ್ಥಿಗಳಿಗೆ ಪರಿಚಯಿಸಬೇಕಾಗಿಲ್ಲ. ಗಟ್ಟಿಯಾದ ತುಪ್ಪ, ತಿಳಿಯಾದ ತುಪ್ಪ. ವಸ್ತು ಒಂದೇ, ಅವಸ್ಥೆ ಎರಡು. ಅಧ್ಯಾತ್ಮಕ್ಕೆ ಒದಗಿದ ಈ ದೃಷ್ಟಾಂತ ಭೌತವಿಜ್ಞಾನದ ಮೊದಲ ಪಾಠಕ್ಕೆ ಇನ್ನೂ ನೇರವಾಗಿ ಒದಗುತ್ತದೆ. ಶೀತಕ ಯಂತ್ರವಿಲ್ಲದ ಮನೆಯಲ್ಲೂ ಚಳಿಗಾಲದ ಬೆಳಗ್ಗೆ ಗಟ್ಟಿಯಾಗಿ ಮಧ್ಯಾಹ್ನಕ್ಕೆ ತಿಳಿಯಾಗುವ ವಸ್ತು ತುಪ್ಪ ಅಥವಾ ಕೊಬ್ಬರಿ ಎಣ್ಣೆ. ಆದರೂ ಪಠ್ಯಪುಸ್ತಕಗಳು ಮೊದಲ ಉದಾಹರಣೆಯಾಗಿ ಮಂಜುಗಡ್ಡೆಯನ್ನೇ ಹಿಡಿದುಕೊಂಡಿವೆ. ಅದು ಚಳಿದೇಶಗಳ ಪುಸ್ತಕಗಳಿಂದ ಬಂದ ರೂಢಿ ಎಂದು ಊಹಿಸಬೇಕಾಗುತ್ತದೆ.

‘ಮಂಜು’ ಎಂಬ ಶಬ್ದದ ಪಾಡು ಇದಕ್ಕಿಂತ ಹೆಚ್ಚು ಗೊಂದಲದ್ದು. ಬೆಳಗಿನ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು ಮಂಜು, ಹಿಮಾಲಯದ ಮೇಲಿರುವುದೂ ಮಂಜು, ಗಟ್ಟಿಯಾದ ನೀರು ಮಂಜುಗಡ್ಡೆ. ಮರಾಠಿಯಲ್ಲಿ ಮೊದಲನೆಯದು ‘ಧುಕೇ’, ಉಳಿದೆರಡು ‘ಬರ್ಫ’. ಆದರೆ ‘ಇಬ್ಬನಿ’, ‘ಆಲಿಕಲ್ಲು’, ‘ಕಾವಳ’ ಎಂಬ ಖಚಿತವಾದ ಮಾತುಗಳೂ ಕನ್ನಡದಲ್ಲಿವೆ. ಓಝರ್ ಇರುವ ನಿಫಾಡ್ ತಾಲ್ಲೂಕು ದ್ರಾಕ್ಷಿಗೂ, ಮಹಾರಾಷ್ಟ್ರದ ಬಯಲುಸೀಮೆಯಲ್ಲಿ ಅತಿ ಕಡಿಮೆ ಉಷ್ಣಾಂಶ ದಾಖಲಾಗುವ ಪ್ರದೇಶಗಳಲ್ಲಿ ಒಂದೆಂಬುದಕ್ಕೂ ಹೆಸರಾದದ್ದು. ತೀವ್ರವಾದ ಚಳಿ ಬಿದ್ದ ವರ್ಷಗಳಲ್ಲಿ ಅಲ್ಲಿ ಇಬ್ಬನಿಯ ಹನಿಗಳೇ ಗಟ್ಟಿಯಾಗುತ್ತವೆ. ಮೋಡವಿಲ್ಲದ ರಾತ್ರಿ ಎಲೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತವೆ. ಆದ್ದರಿಂದ ಆಳೆತ್ತರದಲ್ಲಿಟ್ಟ ಉಷ್ಣಮಾಪಕ ಶೂನ್ಯಕ್ಕಿಂತ ತುಸು ಮೇಲಿನ ಅಂಕಿಯನ್ನು ತೋರಿಸುತ್ತಿದ್ದಾಗಲೂ ಎಲೆಯ ಮೇಲೆ ಹರಳು ಕಟ್ಟಬಹುದು. ಮರಾಠಿಯವರು ಇದನ್ನು ‘ದವ’ ‘ಗೋಠಲೇ’ ಎನ್ನುತ್ತಾರೆ. ಕನ್ನಡದ ಮನೆಯಲ್ಲಿ ಏನೆನ್ನಬೇಕು? ‘ಮಂಜು ಬಿತ್ತು’ ಎಂದರೆ ಧುಕೇ ಎಂದಾಗುತ್ತದೆ. ‘ಹಿಮ ಬಿತ್ತು’ ಎಂದರೆ ಮೇಲಿನಿಂದ ಬಿದ್ದಂತಾಗುತ್ತದೆ, ಅದು ಬಿದ್ದದ್ದಲ್ಲ. ‘ಇಬ್ಬನಿ ಗಡ್ಡೆಕಟ್ಟಿತು’ ಎಂದರೆ ವಿಷಯವೂ ಸರಿ, ಕನ್ನಡವೂ ಸರಿ. ಆ ಮಾತು ಯಾವ ಪಾರಿಭಾಷಿಕ ಕೋಶದಲ್ಲೂ ಇರಬೇಕಾದ ಅಗತ್ಯವಿಲ್ಲ.

ಪರಿಭಾಷೆಯ ಪ್ರಶ್ನೆಯನ್ನು ಸಂಕ್ಷೇಪವಾಗಿ ನೋಡಬಹುದು. ಕೇಂದ್ರ ಸರ್ಕಾರವು 1961ರಲ್ಲಿ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ನೇಮಿಸಿದ ನಂತರ ಸಂಸ್ಕೃತಮೂಲದ ಪದಗಳು ಎಲ್ಲ ಭಾಷೆಗಳಿಗೂ ಸಮಾನವಾಗುತ್ತವೆಂಬ ನಿರೀಕ್ಷೆ ಬಲವಾಯಿತು. ಪ್ರಾಥಮಿಕ ತರಗತಿಯ ಮಟ್ಟದಲ್ಲಿ ಆ ನಿರೀಕ್ಷೆ ಈಡೇರಿದಂತಿಲ್ಲ. ಕನ್ನಡದಲ್ಲಿ ಪದಾರ್ಥದ ಮೂರು ಅವಸ್ಥೆಗಳು ಘನ, ದ್ರವ, ಅನಿಲ. ಮರಾಠಿಯಲ್ಲಿ ಸ್ಥಾಯೂ, ದ್ರವ, ವಾಯೂ. ಕನ್ನಡದ ಮಗುವಿಗೆ ವಾಯು ಎಂದರೆ ಗಾಳಿ. ಮರಾಠಿಯ ಗಾಳಿ ‘ಹವಾ’. ಕನ್ನಡದ ‘ಶಕ್ತಿ’ಯನ್ನು ಮರಾಠಿ ‘ಊರ್ಜಾ’ ಎನ್ನುತ್ತದೆ. ಮರಾಠಿಯ ‘ಶಕ್ತೀ’ ಕನ್ನಡದ ‘ಸಾಮರ್ಥ್ಯ’. ಅಕ್ಷರ ಒಂದೇ ಆಗಿ ಅರ್ಥ ಬೇರೆಯಾದ ಇಂಥ ಪದಗಳು ಎರಡೂ ಭಾಷೆಗಳನ್ನು ಬಲ್ಲ ಮಗುವನ್ನು ಎಡವಿಸುವಷ್ಟು ಬೇರೆ ಯಾವುವೂ ಎಡವಿಸುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಮರಾಠಿ ‘ಬಾಷ್ಪೀಭವನ’ ಎಂದಲ್ಲಿ ಕನ್ನಡ ‘ಬಾಷ್ಪೀಕರಣ’ ಅಥವಾ ‘ಆವೀಕರಣ’ ಎನ್ನುವುದುಂಟು. ಭವನವೆಂದರೆ ಆಗುವುದು, ಕರಣವೆಂದರೆ ಮಾಡುವುದು. ಬಟ್ಟೆಯ ನೀರು ತಾನಾಗಿ ಆವಿಯಾಗುತ್ತದೆ, ಯಾರೂ ಮಾಡುವುದಿಲ್ಲ. ಕನ್ನಡದ ಕರಗು–ಕರಗಿಸು, ಆರು–ಆರಿಸು, ಒಣಗು–ಒಣಗಿಸು ಎಂಬ ಜೋಡಿಗಳಲ್ಲಿ ಆಗುವುದು ಮತ್ತು ಮಾಡುವುದರ ಭೇದ ಸಲೀಸಾಗಿ ಇರುವಾಗ, ಪರಿಭಾಷೆ ಅದನ್ನು ಅಳಿಸಿಹಾಕುವುದು ವಿಷಾದಕರ. ‘ಆವೀಕರಣ’ವನ್ನು ಅರಿಸಮಾಸದ ಸಂಬಂಧಿಯೆಂದು ವೈಯಾಕರಣರು ಹೀಗಳೆಯಬಹುದು, ಆಕ್ಷೇಪಿಸಬೇಕಾದದ್ದು ಅದರ ಜಾತಿಯನ್ನಲ್ಲ, ‘ಕರಣ’ವನ್ನು.

ದೇಶ್ಯಪದಗಳು ಪರಿಭಾಷೆಯಾಗಿಯೂ ನಿಲ್ಲಬಲ್ಲವೆಂಬುದಕ್ಕೆ ಸರಳ ಯಂತ್ರಗಳ ಪಾಠ ಸಾಕ್ಷಿ. ಸನ್ನೆ, ರಾಟೆ, ಬೆಣೆ, ತಿರುಪು. ಇವುಗಳಿಗೆ ಬದಲಾಗಿ ಸಂಸ್ಕೃತಪದಗಳನ್ನು ತರಬೇಕೆಂದು ಯಾರಿಗೂ ತೋರಲಿಲ್ಲ. ಕಲ್ಲು ಎಬ್ಬಿಸುವವರ, ಮರ ಸೀಳುವವರ ಮಾತು ಹಾಗೆಯೇ ಪುಸ್ತಕಕ್ಕೆ ಬಂದಿತು. ಕೆಲಸಗಾರರ ಮಾತಿಗೆ ಸಿಕ್ಕ ಈ ಮನ್ನಣೆ ಅಡುಗೆಮನೆಯ ಮಾತಿಗೆ ಸಿಗದೆ ಹೋದದ್ದೇಕೆ ಎಂಬುದು ಬೇರೆಯೇ ಅಧ್ಯಯನದ ವಿಷಯ.

ಮಕ್ಕಳ ಭಾಷೆಯಿಂದ ಹೊರಡುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದಾಗ ಒಪ್ಪಿತವಾದ ಪರಿಭಾಷೆ ಇನ್ನೂ ರೂಪುಗೊಳ್ಳುತ್ತಿದ್ದ ಕಾಲ; ಅದು ಅವರಿಗೆ ಅಡ್ಡಿಯಾಗಲಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕ ಬೇರೆ ಬೇರೆ ವಯಸ್ಸಿನ ಓದುಗರಿಗಾಗಿ ದಶಕಗಳ ಕಾಲ ತಿಳಿಗನ್ನಡವನ್ನು ರೂಢಿಸಿತು. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾಗಿ 2002ರಲ್ಲಿ ನಿಂತುಹೋದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಪ್ರಯೋಗವನ್ನು ಮುಂದಿಟ್ಟು ಹೆಸರುಗಳನ್ನು ಹಿಂದಿಟ್ಟಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ–ಕಲಿ’ಯೂ ಮಗುವಿನ ಕಲಿಕೆಯ ವೇಗಕ್ಕೆ ಪಾಠವನ್ನು ಒಗ್ಗಿಸಿತು. ಆದರೆ ಕ್ರಿಯಾಪದ ಮತ್ತು ವಿಭಕ್ತಿಗಳ ಮಟ್ಟದಲ್ಲಿ ವಿಜ್ಞಾನಪಾಠವನ್ನು ತಿದ್ದುವ ಕೆಲಸ ಕನ್ನಡ ವಿಭಾಗಗಳಿಗೆ ಸೇರಿದ್ದು. ವಿಜ್ಞಾನದ ಅಧ್ಯಾಪಕರು ಒಂಟಿಯಾಗಿ ಅದನ್ನು ಮಾಡಲಾರರು.

ಅಂಥ ಪಾಠಕ್ಕೆ ಎರಡೂ ನಾಡುಗಳಿಗೆ ಸಮಾನವಾದ ವಸ್ತುವೊಂದು ಕಣ್ಣೆದುರಿಗೇ ಇದೆ. ನಾಸಿಕ, ಸಾಂಗಲಿ ಜಿಲ್ಲೆಗಳಲ್ಲೂ ವಿಜಯಪುರ ಜಿಲ್ಲೆಯಲ್ಲೂ ದ್ರಾಕ್ಷಿಯನ್ನು ಒಣಗಿಸುತ್ತಾರೆ. ಹಣ್ಣಿನ ಸಿಪ್ಪೆಯ ಮೇಲೆ ಮೇಣದಂಥ ತೆಳುವಾದ ಪದರವಿದ್ದು ಒಳಗಿನ ನೀರನ್ನು ಬೇಗ ಹೊರಗೆ ಬಿಡುವುದಿಲ್ಲ. ಆದ್ದರಿಂದ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಗೊನೆಗಳನ್ನು ಅದ್ದಿ, ನೆರಳಿರುವ, ಗಾಳಿಯಾಡುವ ಚಪ್ಪರದಲ್ಲಿ ಅಂತಸ್ತು ಅಂತಸ್ತಾದ ಬಲೆಗಳ ಮೇಲೆ ಹರಡುತ್ತಾರೆ. ಬಿಸಿಲಿಗೆ ಹಾಕದೆ ಗಾಳಿಗೆ ಹಾಕುವುದೇಕೆ, ರಾಶಿ ಹಾಕದೆ ಹರಡುವುದೇಕೆ, ಅದ್ದದಿದ್ದರೆ ಏನಾಗುತ್ತದೆ, ಒಣಗಿದ ಮೇಲೆ ಸಿಹಿ ಹೆಚ್ಚಾದದ್ದು ಹೊಸ ಸಕ್ಕರೆ ಬಂದದ್ದರಿಂದಲೋ ನೀರು ಹೋದದ್ದರಿಂದಲೋ ಎಂದು ಕೇಳಬಹುದು. ನಾಲ್ಕನೆಯ ತರಗತಿಯ ಮಗು ಈ ಪ್ರಶ್ನೆಗಳಿಗೆ ಉತ್ತರಿಸಲು ಬೇಕಾದ ಕ್ರಿಯಾಪದ ಒಂದೇ: ‘ಒಣಗು’. ಗಾಳಿಗೆ, ಬಿಸಿಲಿಗೆ, ನೆರಳಿನಲ್ಲಿ ಎಂಬ ವಿಭಕ್ತಿಗಳನ್ನು ಅದು ಮನೆಯಿಂದಲೇ ತಂದಿರುತ್ತದೆ.